ಹೆಡ್ ಕ್ಲಾರ್ಕರ ನೊಣ

ನೀರು ಸರಬರಾಜು ಕಚೇರಿಯ ಹೆಡ್ ಕ್ಲಾರ್ಕರು ತಮ್ಮ ಐವತ್ತೆರಡನೆಯ ವಯಸ್ಸಿನವರೆಗೆ ಲಿಖಿತವಾಗಿ ಒಂದೇ ಒಂದು ಸುಳ್ಳು ಹೇಳಿದವರಲ್ಲ. ಬಾಯಿಮಾತಿನಲ್ಲಿ ಹೇಳಿದ್ದನ್ನು ಅವರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಬಾಯಿಮಾತಿಗೆ ಕಡತವಿಲ್ಲ, ಕಡತವಿಲ್ಲದ್ದು ನಡೆದೇ ಇಲ್ಲ ಎಂಬುದು ಅವರ ನಂಬಿಕೆ. ಹೀಗಾಗಿ ಕಾಗದದ ಮೇಲೆ ಸುಳ್ಳು ಬರೆಯಲು ಕೈ ಪಳಗಿರಲಿಲ್ಲ. ಮೊದಲ ಸಲ ಬರೆದಾಗ ಅಳತೆ ತಪ್ಪಿ ತುಸು ದೊಡ್ಡದೇ ಆಗಿಬಿಟ್ಟಿತು.

ಇಲಾಖೆಯಿಂದ ಹೊಸ ನಮೂನೆ ಬಂದಿತ್ತು. ಪ್ರತಿಯೊಬ್ಬ ನೌಕರನೂ ತನ್ನ ವಿವರ ತುಂಬಿ ಕೊಡಬೇಕು. ಹದಿನೇಳನೆಯ ಕಾಲಂ, ಹವ್ಯಾಸ. ಹಿಂದೆ ಇಂಥ ನಮೂನೆ ಬಂದಾಗಲೆಲ್ಲ ಅವರು ‘ಓದುವುದು’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಅದು ಸುಳ್ಳಲ್ಲ. ಮೇಲಿನ ಕಚೇರಿಯ ಸುತ್ತೋಲೆಗಳನ್ನು ಮೊದಲ ಅಕ್ಷರದಿಂದ ಕೊನೆಯ ಸಹಿಯವರೆಗೆ ಓದುವ ಏಕೈಕ ಮನುಷ್ಯ ಅವರೇ ಆಗಿದ್ದರು. ಆದರೆ ಈ ಸಲ ಎಲ್ಲರ ನಮೂನೆಗಳನ್ನು ಒಟ್ಟುಗೂಡಿಸುವ ಕೆಲಸವೂ ಅವರ ಪಾಲಿಗೇ ಬಂತು. ಎಡವಟ್ಟಾದದ್ದು ಅಲ್ಲೇ. ಪಕ್ಕದ ಮೇಜಿನ ಟೈಪಿಸ್ಟ್ ‘ಬೆಟ್ಟ ಹತ್ತುವುದು’ ಎಂದು ಬರೆದಿದ್ದಳು. ಪಂಪ್‌ಹೌಸಿನ ಕಾವಲುಗಾರ ‘ಕೊಳಲು’ ಎಂದು ಬರೆದಿದ್ದ. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ದಿನವಿಡೀ ತೂಕಡಿಸುವ ಅಟೆಂಡರ್ ಕೂಡ ‘ನಕ್ಷತ್ರ ವೀಕ್ಷಣೆ’ ಎಂದು ಬರೆದು, ತನ್ನ ತೂಕಡಿಕೆಗೆ ಒಂದು ಗೌರವ ತಂದುಕೊಂಡಿದ್ದ.

ತಮ್ಮ ‘ಓದುವುದು’ ಹೆಡ್ ಕ್ಲಾರ್ಕರಿಗೆ ತೀರ ಬಡಕಲಾಗಿ ಕಂಡಿತು. ತಲೆಯೆತ್ತಿದರು. ಎದುರು ಗೋಡೆಯ ಮೇಲೆ ಪಂಪು ಕಂಪನಿಯ ಕ್ಯಾಲೆಂಡರು ತೂಗುತ್ತಿತ್ತು. ಅದರಲ್ಲಿ ಟೋಪಿ ಹಾಕಿದ ಒಬ್ಬ ಗಂಭೀರ ಮನುಷ್ಯ ಮೊಣಕಾಲುದ್ದ ನೀರಿನಲ್ಲಿ ನಿಂತು ಸಪೂರ ಕೋಲೊಂದನ್ನು ಬೀಸುತ್ತಿದ್ದ. ಅವನ ತಲೆಯ ಮೇಲೆ ದಾರ ಸಹಿಯ ಹಾಗೆ ಸುಳಿಸುಳಿಯಾಗಿ ಹರಡಿತ್ತು. ಕೆಳಗೆ ‘ಫ್ಲೈ ಫಿಶಿಂಗ್’ ಎಂದು ಅಚ್ಚಾಗಿತ್ತು. ಹೆಡ್ ಕ್ಲಾರ್ಕರು ಅದನ್ನೇ ದುಂಡಗಿನ ಅಕ್ಷರದಲ್ಲಿ ಇಳಿಸಿದರು. ನಮೂನೆಯ ಕೊನೆಯಲ್ಲಿ ಸುಳ್ಳು ಮಾಹಿತಿ ಕೊಟ್ಟವರ ಮೇಲೆ ಶಿಸ್ತು ಕ್ರಮ ಜರುಗಿಸಲಾಗುವುದು ಎಂಬ ಸಾಲಿತ್ತು. ಅದು ಅವರಿಗೆ ಬಾಯಿಪಾಠ. ಹತ್ತು ವರ್ಷದ ಹಿಂದೆ ಆ ಸಾಲಿನ ಕರಡು ಬರೆದವರು ಅವರೇ.

ನಾಲ್ಕನೆಯ ದಿನ ಮುಖ್ಯ ಇಂಜಿನಿಯರ್ ಮೇಡಂ ಕರೆಕಳಿಸಿದರು.

ಮೇಡಂ ಈ ಕಚೇರಿಗೆ ಬಂದು ಒಂದು ತಿಂಗಳಾಗಿತ್ತು ಅಷ್ಟೆ. ಅಷ್ಟರಲ್ಲಿ ಅವರು ಯಾರನ್ನೂ ಕೂರಲು ಹೇಳಿದ್ದನ್ನು ಕಂಡವರಿಲ್ಲ. ಹೆಡ್ ಕ್ಲಾರ್ಕರನ್ನು ಕೂರಲು ಹೇಳಿದರು. ಅವರು ಕುರ್ಚಿಯ ತುದಿಯಲ್ಲಿ, ಹೇಳಿದರೆ ತಕ್ಷಣ ಏಳುವಂತೆ ಕೂತರು. ಮೇಡಂ ಮುಖದಲ್ಲಿ ಅಪರೂಪದ ಕಳೆಯಿತ್ತು. ಈ ಹವ್ಯಾಸ ಎಷ್ಟು ವರ್ಷದಿಂದ ಅಂತ ಕೇಳಿದರು. ಬಹಳ ವರ್ಷದಿಂದ ಮನಸ್ಸಿತ್ತು ಅಂದರು ಇವರು. ಯಾವ ಹೊಳೆ ಅಂತ ಕೇಳಿದರು. ಹೊಳೆಗಳು ಬೇಕಾದಷ್ಟಿವೆ ಅಂದರು. ಆಮೇಲೆ ಮೇಡಂ ಮುಂದಕ್ಕೆ ಬಾಗಿ ಕೇಳಿದರು:

“ಒಂದ್ ಕೈಯಲ್ಲಿ ಬೀಸ್ತೀರೋ, ಎರಡ್ ಕೈಯಲ್ಲೋ?”

“ಸಂದರ್ಭ ನೋಡ್ಕೊಂಡು ಮೇಡಂ.”

ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಯಾವ ಮೇಲಧಿಕಾರಿ ಏನು ಕೇಳಿದರೂ ಹೆಡ್ ಕ್ಲಾರ್ಕರು ಕೊಟ್ಟ ಉತ್ತರ ಅದೇ. ಆದರೆ ಮೇಡಂ ಮೇಜು ತಟ್ಟಿದರು. ಬಲ್ಲವರು ಕೊಡುವ ಉತ್ತರವಂತೆ ಅದು. ಅರೆಬರೆ ಕಲಿತವರು ಒಂದು ಕೈ ಅಂತಲೋ ಎರಡು ಕೈ ಅಂತಲೋ ಹೇಳಿ ಸಿಕ್ಕಿಬೀಳುತ್ತಾರಂತೆ.

ವಿಷಯ ಇಷ್ಟು. ಊರಾಚೆಯ ಹೊಳೆಯಲ್ಲಿ ಪ್ರತಿ ವರ್ಷ ನೀರಿನ ಇಲಾಖೆಗೂ ವಿದ್ಯುತ್ ಇಲಾಖೆಗೂ ಗಾಳದ ಪಂದ್ಯ ನಡೆಯುತ್ತದೆ. ಒಂದೊಂದು ಕಡೆಯಿಂದ ಇಬ್ಬರು. ಹೊಳೆ ನೀರಿನವರದ್ದೇ ಆದರೂ ಆರು ವರ್ಷದಿಂದ ಗೆಲ್ಲುತ್ತಿರುವವರು ವಿದ್ಯುತ್ತಿನವರು. ಮೇಡಂ ತಂದೆಯಿಂದ ಈ ವಿದ್ಯೆ ಕಲಿತವರು. ಇಲ್ಲಿಗೆ ಬಂದಾಗಿನಿಂದ ಒಬ್ಬ ಜೊತೆಗಾರನನ್ನು ಹುಡುಕುತ್ತಿದ್ದರು. ಹದಿನೇಳನೆಯ ಕಾಲಂ ನೋಡಿ ಹುಡುಕಾಟ ಮುಗಿಯಿತು. ಪಂದ್ಯಕ್ಕೆ ಇನ್ನು ಮೂರು ವಾರ. ಇವರು ಎದ್ದು ಹೊರಡುವಾಗ ಮೇಡಂ, ಏಳು ವರ್ಷದಿಂದ ಕೊಳೆಯುತ್ತಿರುವ ಹೆಡ್ ಕ್ಲಾರ್ಕರ ಸೂಪರಿಂಟೆಂಡೆಂಟ್ ಬಡ್ತಿಯ ಕಡತ ತಮ್ಮ ಮೇಜಿಗೇ ಬಂದಿದೆ ಅಂತಲೂ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಹೆಡ್ ಕ್ಲಾರ್ಕರಿಗೆ ಮಾತ್ರ ಮೊಣಕಾಲು ಅಲ್ಲೇ ನೀರಿನಲ್ಲಿ ನಿಂತಷ್ಟು ತಣ್ಣಗಾಯಿತು.

ಮನೆಗೆ ಬಂದು ಹೆಂಡತಿಗೆ ವಿಷಯ ಹೇಳಿದರು. ಆಕೆ ಬೀನ್ಸಿನ ನಾರು ತೆಗೆಯುತ್ತ, ಫ್ಲೈ ಅಂದರೇನು ಎಂದು ಕೇಳಿದರು. ಇಲ್ಲಿ ಹೆಡ್ ಕ್ಲಾರ್ಕರು ತಮ್ಮ ಭಾಷಾಜ್ಞಾನ ತೋರಿಸಲು ಹೋಗಿ ಎರಡನೆಯ ತಪ್ಪು ಮಾಡಿದರು.

“ಫ್ಲೈ ಅಂದ್ರೆ ನೊಣ.”

“ಇಷ್ಟ್ ವರ್ಷ ಆಫೀಸಲ್ಲಿ ನೊಣ ಹೊಡೀತಿದ್ರಿ,” ಎಂದರು ಹೆಂಡತಿ, ಬೀನ್ಸಿನಿಂದ ಕಣ್ಣೆತ್ತದೆ. “ಈಗ ಹಿಡಿಯೋಕೂ ಹೊರಟ್ರಾ?”

ತಾನಾಡಿದ ಮಾತು ಆಕೆಗೇ ಬಹಳ ಹಿಡಿಸಿಬಿಟ್ಟಿತು. ಅಂದೇ ತಂಗಿಗೆ ಫೋನು ಮಾಡಿ, ನಮ್ಮನೆಯವರು ನೊಣ ಹಿಡಿಯೋದು ಕಲೀತಿದಾರೆ ಅಂತ ಹೇಳಿದರು. ಫೋನಿನಲ್ಲಿ ಗರಗರ ಸದ್ದು. ತಮಾಷೆ ದಾರಿಯಲ್ಲೇ ಉದುರಿಹೋಗಿ ನೊಣವಷ್ಟೇ ಆ ತುದಿಗೆ ತಲುಪಿತು.

ಇತ್ತ ಹೆಡ್ ಕ್ಲಾರ್ಕರು ಕಲಿಕೆಗೆ ಇಳಿದರು. ಸಾರ್ವಜನಿಕ ಗ್ರಂಥಾಲಯದವನು ಮೊದಲು ಕೀಟಗಳ ಕಪಾಟು ನೋಡಿದ, ಆಮೇಲೆ ವಿಮಾನಗಳ ಕಪಾಟು ನೋಡಿದ, ಕೊನೆಗೆ ಓದುವ ಮೇಜಿನ ಕುಂಟ ಕಾಲಿನ ಕೆಳಗಿಂದ ಒಂದು ಪುಸ್ತಕ ಎಳೆದುಕೊಟ್ಟ. ಮೇಜಿನ ಭಾರಕ್ಕೆ ಪುಸ್ತಕದ ನಡು ಸವೆದು ಹರಿದುಹೋಗಿತ್ತು. ಮೊದಲ ಭಾಗದಲ್ಲಿ ನೊಣ ತಯಾರಿಸುವ ಬಗೆ ಇತ್ತು, ಕೊನೆಯ ಭಾಗದಲ್ಲಿ ಹಿಡಿದ ಮೀನನ್ನು ನೋವಾಗದಂತೆ ನೀರಿಗೆ ಬಿಡುವ ಬಗೆ ಇತ್ತು. ನಡುವೆ ಹಿಡಿಯುವ ಬಗೆಯಷ್ಟೇ ಇರಲಿಲ್ಲ.

ಓದಿದ ಮೇಲೆ ಗೊತ್ತಾದದ್ದು, ಈ ವಿದ್ಯೆಯಲ್ಲಿ ಎರೆಹುಳು ಚುಚ್ಚುವಂತಿಲ್ಲ. ಪುಟ್ಟ ಕೊಕ್ಕೆಗೆ ಗರಿ, ದಾರ, ಉಣ್ಣೆ ಸುತ್ತಿ ನೊಣದಂತೆ ಮಾಡಬೇಕು. ನೀರಿನ ಮೇಲೆ ಅದನ್ನು ನಿಜವಾದ ನೊಣ ಕೂತಂತೆ ಕೂರಿಸಬೇಕು. ಮೀನು ನಂಬಬೇಕು. ಅಂದರೆ ಸುಳ್ಳು ಹೇಳುವ ಕಲೆಯೇ, ಕೇಳುಗ ಮಾತ್ರ ನೀರಿನೊಳಗೆ. ಹೆಡ್ ಕ್ಲಾರ್ಕರು ಸಂಜೆ ಊಟದ ಮೇಜಿನ ಮೇಲೆ ಸರಂಜಾಮು ಹರಡಿಕೊಂಡು ಕೂತರು. ಎರಡು ದಿನ ಕೂತದ್ದಕ್ಕೆ ಹೆಬ್ಬೆರಳೂ ತೋರುಬೆರಳೂ ಗೋಂದಿನಲ್ಲಿ ಒಂದಾದವು, ಕೊಕ್ಕೆ ಅಂಗಿಯ ತೋಳಿಗೆ ಸಿಕ್ಕಿತು, ತಯಾರಾದ ವಸ್ತು ನೊಣಕ್ಕಿಂತ ಒದ್ದೆಯಾದ ಶೇವಿಂಗ್ ಬ್ರಷ್ಷಿಗೆ ಹತ್ತಿರವಿತ್ತು.

ಮೇಜಿನ ಆ ಕಡೆ ಅತ್ತೆ ಕೂತು ಸ್ವೆಟರ್ ಹೆಣೆಯುತ್ತಿದ್ದರು. ಹೆಂಡತಿಯ ತಾಯಿ. ಮದುವೆಯಾದಾಗಿನಿಂದ ಇದೇ ಮನೆಯಲ್ಲಿದ್ದವರು. ಅತ್ತೆ ಅಳಿಯಂದಿರ ನಡುವೆ ಇಷ್ಟು ವರ್ಷಗಳಲ್ಲಿ ಒಂದು ಜಗಳವಿಲ್ಲ, ಏಕೆಂದರೆ ಮಾತೇ ಇಲ್ಲ. ಕಾಫಿ ಆಯ್ತಾ ಅಂತ ಅವರು ಕೇಳುವುದು, ಆಯ್ತು ಅಂತ ಇವರು ಹೇಳುವುದು, ಅಲ್ಲಿಗೆ ಆ ದಿನದ ವ್ಯವಹಾರ ಮುಕ್ತಾಯ. ಮೂರನೆಯ ಸಂಜೆ ಅತ್ತೆ ಹೆಣಿಗೆ ಕೆಳಗಿಟ್ಟರು.

“ಕೊಡಿ ಇಲ್ಲಿ.”

ಗರಿಯ ಪೊರಕೆಯಿಂದ ಒಂದು ಎಳೆ ಕಿತ್ತರು, ತಮ್ಮ ಬೂದು ಉಣ್ಣೆಯಿಂದ ಒಂದು ನೂಲು ಬಿಡಿಸಿಕೊಂಡರು, ಹಲ್ಲಿನಲ್ಲಿ ದಾರ ಕಚ್ಚಿ ಐದು ನಿಮಿಷ ಬೆರಳಾಡಿಸಿದರು. ಆಮೇಲೆ ಕೊಕ್ಕೆಯನ್ನು ಮೇಜಿನ ಮೇಲಿಟ್ಟರು. ಅಷ್ಟರಲ್ಲಿ ಒಳಗಿನಿಂದ ಬಂದ ಹೆಂಡತಿ ದಿನಪತ್ರಿಕೆ ಸುರುಳಿ ಸುತ್ತಿ ಪಟ್ಟನೆ ಅದರ ಮೇಲೆ ಬಾರಿಸಿದರು. ಯಾವ ಪರೀಕ್ಷಾ ಮಂಡಳಿಯೂ ಇದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಕೊಡಲಾರದು.

ಹೆಡ್ ಕ್ಲಾರ್ಕರು ಇದೆಲ್ಲಿ ಕಲಿತಿರಿ ಅಂತ ಕೇಳಿದರು. ಅತ್ತೆಯನ್ನು ಅವರು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು. ಮದುವೆಗೆ ಮೊದಲು ಎಂಟು ವರ್ಷ ಒಂದು ಟೋಪಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಹೆಂಗಸರ ಟೋಪಿಗೆ ಬಟ್ಟೆಯ ಹೂವು, ಗರಿಯ ಚಿಟ್ಟೆ ಮಾಡುತ್ತಿದ್ದೆ ಎಂದರು ಅತ್ತೆ. ಒಂದು ಚಿಟ್ಟೆಯನ್ನು ಅಂಗಡಿಯ ಬೆಕ್ಕು ತಿಂದುಬಿಟ್ಟಿತ್ತಂತೆ. ಅದನ್ನು ಹೇಳುವಾಗ ಅವರ ಮುಖದಲ್ಲಿ ಬಂದ ಹೆಮ್ಮೆ ಹೆಡ್ ಕ್ಲಾರ್ಕರು ಅದುವರೆಗೆ ನೋಡಿರಲಿಲ್ಲ. ಅಂದಿನಿಂದ ದಿನಕ್ಕೆರಡು ನೊಣ ಹುಟ್ಟತೊಡಗಿದವು. ಹೆಡ್ ಕ್ಲಾರ್ಕರು ಒಂದನ್ನು ತಮ್ಮ ಟೋಪಿಗೆ ಸಿಕ್ಕಿಸಿಕೊಂಡು ಕಚೇರಿಗೆ ಹೋದರು. ಮೇಡಂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಗೌರವದಿಂದ ವಾಪಸು ಕೊಟ್ಟರು. ಬೆಳಗಿನ ಅಭ್ಯಾಸಕ್ಕೆ ಒಟ್ಟಿಗೆ ಹೋಗೋಣ ಎಂದು ಅವರು ಎರಡು ಸಲ ಕರೆದರು. ಹೆಡ್ ಕ್ಲಾರ್ಕರು ಒಮ್ಮೆ ನೆಗಡಿ ಅಂದರು, ಒಮ್ಮೆ ತಾವು ಒಬ್ಬಂಟಿಯಾಗಿ ಅಭ್ಯಾಸ ಮಾಡುವವರು ಅಂದರು. ಬಾಯಿಮಾತು, ಕಡತವಿಲ್ಲ.

ಉಳಿದದ್ದು ಬೀಸುವ ವಿದ್ಯೆ. ಪುಸ್ತಕದಲ್ಲಿ ಇಲ್ಲದ್ದನ್ನು ಕ್ಯಾಲೆಂಡರಿನಿಂದ ಕಲಿಯಬೇಕಾಯಿತು, ಕ್ಯಾಲೆಂಡರಿನ ಮನುಷ್ಯ ಅಲುಗಾಡುತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಹೆಡ್ ಕ್ಲಾರ್ಕರು ತಾರಸಿ ಹತ್ತಿ, ಒಂದು ಬಕೆಟ್ ನೀರನ್ನು ಹೊಳೆಯೆಂದು ಭಾವಿಸಿ ದೂರದಲ್ಲಿಟ್ಟು, ಹೊಸದಾಗಿ ಕೊಂಡ ಗಾಳದ ಕೋಲು ಬೀಸಿದರು. ದಾರ ಮುಂದೆ ಹೋಗುವ ಬದಲು ಹಿಂದೆ ಹೋಯಿತು. ಇನ್ನಷ್ಟು ಜೋರಾಗಿ ಬೀಸಿದರು. ಏನೋ ಸಿಕ್ಕಿತು, ಭಾರವಾಗಿತ್ತು. ಮೀನಿನ ಭಾರ ಹೀಗಿರಬಹುದೇ ಎಂಬ ಪುಳಕದಲ್ಲಿ ರೀಲು ಸುತ್ತಿದರು.

ಹಿಂದಿನ ಮನೆಯ ಮಹಡಿಯಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು ಹಲ್ಲುಜ್ಜುತ್ತ ನಿಂತಿದ್ದರು. ಹಗ್ಗದ ಮೇಲೆ ಒಣಹಾಕಿದ್ದ ತಮ್ಮ ಇಸ್ತ್ರಿ ಗೆರೆಯ ಬಿಳಿ ಪ್ಯಾಂಟು ತಾನಾಗಿ ಎದ್ದು, ಎರಡಂತಸ್ತಿನ ಎತ್ತರದಲ್ಲಿ ಗಾಳಿಯ ಮೇಲೆ ಹೆಜ್ಜೆ ಹಾಕುತ್ತ ಓಣಿ ದಾಟಿದ್ದನ್ನು ಅವರು ಕಣ್ಣಾರೆ ಕಂಡರು. ನಲವತ್ತು ವರ್ಷ ಮಕ್ಕಳಿಗೆ ಹೆಜ್ಜೆ ಹಾಕಿಸಿದ ಅವರಿಗೆ ಮೊದಲು ಹೊಳೆದದ್ದು, ಪ್ಯಾಂಟು ಎಡಗಾಲು ತಪ್ಪಿದೆ ಎಂಬುದು. ಸಿಟ್ಟು ಆಮೇಲೆ ಬಂತು.

ಮೇಷ್ಟ್ರು ಸೀಟಿ ಊದುತ್ತಲೇ ಮನೆಗೆ ನುಗ್ಗಿ ತಾರಸಿ ಹತ್ತಿದರು. ಹೆಡ್ ಕ್ಲಾರ್ಕರು ಕ್ಷಮೆ ಕೇಳಿ, ಪ್ಯಾಂಟು ತಮ್ಮ ಗುರಿಯಲ್ಲ, ನೊಣವನ್ನು ಬಕೆಟ್ಟಿನಲ್ಲಿ ಕೂರಿಸಲು ನೋಡುತ್ತಿದ್ದೆ ಎಂದು ವಿವರಿಸಿದರು. ಮೇಷ್ಟ್ರು ಬಕೆಟ್ಟನ್ನು ನೋಡಿದರು, ಇವರನ್ನು ನೋಡಿದರು, ಪ್ಯಾಂಟನ್ನು ಮೆಲ್ಲಗೆ ತೆಗೆದುಕೊಂಡು ಹಿಮ್ಮುಖವಾಗಿಯೇ ಮೆಟ್ಟಿಲಿಳಿದರು. ಅಂದು ಸಂಜೆಯೊಳಗೆ ಇಡೀ ಓಣಿ ದನಿ ತಗ್ಗಿಸಿ ಮಾತಾಡುತ್ತಿತ್ತು. ಹೆಡ್ ಕ್ಲಾರ್ಕರು ನಡೆದುಹೋದರೆ ಜನ ವಿನಾಕಾರಣ ಮುಗುಳ್ನಗುತ್ತಿದ್ದರು, ಅಂಗಡಿಯವನು ತಿರುಗಿಸಿ ಮಾತಾಡದೆ ಕೇಳಿದ್ದನ್ನು ಕೊಡುತ್ತಿದ್ದ. ಬಡ್ತಿಯ ಸುದ್ದಿ ಹೇಗೋ ಹಬ್ಬಿರಬೇಕು ಎಂದು ಅವರು ಒಳಗೊಳಗೇ ಖುಷಿಪಟ್ಟರು.

ಭಾನುವಾರ ಷಡ್ಡಕ ಬಂದ. ಹೆಂಡತಿಯ ತಂಗಿಯ ಗಂಡ. ಅವನದು ಔಷಧಿ ಅಂಗಡಿ. ಡಾಕ್ಟರುಗಳ ಕೈಬರಹ ಇಪ್ಪತ್ತು ವರ್ಷ ಓದಿದವನಿಗೆ ಡಾಕ್ಟರಿಕೆ ಬೇರೆ ಕಲಿಯಬೇಕಾದ್ದಿಲ್ಲ ಎಂಬುದು ಅವನ ಖಚಿತ ಅಭಿಪ್ರಾಯ. ಹೆಂಡತಿಯನ್ನೂ ಒಂದು ಚೀಲ ಕಿತ್ತಳೆಹಣ್ಣನ್ನೂ ಕರೆತಂದಿದ್ದ. ಅಭಿನಂದಿಸಲು ಬಂದಿದ್ದಾರೆಂದು ತಿಳಿದ ಹೆಡ್ ಕ್ಲಾರ್ಕರು ವಿನಯದಿಂದ ಕೂತರು. ಷಡ್ಡಕ ಅವರ ಪಕ್ಕದಲ್ಲೇ ಕೂತು, ಕೈ ಹಿಡಿದುಕೊಳ್ಳುವ ನೆಪದಲ್ಲಿ ನಾಡಿ ಹಿಡಿದ.

“ಯಾವಾಗಿಂದ ಶುರುವಾಯ್ತು ಭಾವ?”

“ಈಗ ಎರಡ್ ವಾರ ಆಯ್ತು.”

“ನೊಣಗಳು ಕಾಣಿಸ್ತವಾ?”

“ಕಾಣಿಸೋದೇನು, ನಾವೇ ಮಾಡ್ತೀವಿ. ದಿನಕ್ಕೆರಡು. ಅತ್ತೇನೂ ಸೇರ್ಕೊಂಡಿದಾರೆ.”

ಷಡ್ಡಕ ಅತ್ತೆಯ ಕಡೆ ಗಾಬರಿಯಿಂದ ನೋಡಿದ. ಅತ್ತೆ ಹಲ್ಲಿನಲ್ಲಿ ದಾರ ಕಚ್ಚಿಕೊಂಡಿದ್ದರಿಂದ ತಲೆಯಾಡಿಸಿದರು ಅಷ್ಟೆ.

“ನಿಜವಾದ ನೊಣ ಕೆಲಸಕ್ಕೆ ಬರಲ್ಲ,” ಎಂದು ಹೆಡ್ ಕ್ಲಾರ್ಕರು ತಮ್ಮ ವಿಷಯಕ್ಕೆ ಬಂದ ಹುರುಪಿನಲ್ಲಿ ಮುಂದುವರಿಸಿದರು. “ನಾವ್ ಮಾಡಿದ್ದೇ ನಿಜ ಅನ್ನಿಸ್ಬೇಕು. ನೀರೊಳಗೆ ಇಳಿದು, ಉಸಿರು ಬಿಗಿ ಹಿಡಿದು, ಅದು ಬಂದು ಕಚ್ಚೋವರೆಗೂ ಅಲ್ಲಾಡಬಾರ್ದು. ಕಚ್ಚಿದ್ಮೇಲೆ ಎತ್ತಿ ಮುಖ ನೋಡಿ ವಾಪಸ್ ಬಿಟ್ಬಿಡೋದು.”

“ಬಿಟ್ಬಿಡೋದು?”

“ಬಿಡೋಕೇ ಹಿಡಿಯೋದು.”

ಷಡ್ಡಕ ಅತ್ತಿಗೆಯನ್ನು ಅಡಿಗೆಮನೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದ. ಇದು ಮೀನಿನ ವಿದ್ಯೆ, ಕಚೇರಿಯ ಪಂದ್ಯ ಅಂತ ಆಕೆ ಹೇಳಿದರು. ಷಡ್ಡಕನ ವಾದ ಬೇರೆ. ಮೀನು ಬರೀ ನೆಪ. ಎರಡು ವಾರದಿಂದ ಈ ಮನೆಯಲ್ಲಿ ನೊಣ ಇದೆ, ಬಕೆಟ್ ಇದೆ, ಮೇಷ್ಟ್ರ ಪ್ಯಾಂಟಿದೆ. ಮೀನು ಎಲ್ಲಿದೆ? ಯಾರಾದರೂ ಒಂದು ಮೀನು ನೋಡಿದ್ದಾರಾ? ಹಿಡಿದದ್ದನ್ನು ಬಿಡುವುದಾದರೆ ಹಿಡಿಯುವುದೇಕೆ? ಅಲ್ಲಿಯವರೆಗೆ ಗಟ್ಟಿಯಾಗಿದ್ದ ಹೆಂಡತಿಯ ಮನಸ್ಸೂ ಅಳುಕಿತು. ಎಲ್ಲಕ್ಕಿಂತ ಆಕೆಯನ್ನು ಹೆದರಿಸಿದ್ದು, ಗಂಡ ಇತ್ತೀಚೆಗೆ ತನ್ನ ತಾಯಿಯ ಜೊತೆ ತಾಸುಗಟ್ಟಲೆ ನಗುನಗುತ್ತ ಮಾತಾಡುತ್ತಿದ್ದುದು.

ನೀರೊಳಗೆ ಇಳಿದು ಉಸಿರು ಬಿಗಿ ಹಿಡಿಯುವ ಮಾತು ಬಂದದ್ದರಿಂದ, ಪಂದ್ಯದ ದಿನ ಎಲ್ಲರೂ ಜೊತೆಗೇ ಇರಬೇಕೆಂದು ತೀರ್ಮಾನವಾಯಿತು.

ಪಂದ್ಯದ ದಿನ ಹೊಳೆಯ ದಂಡೆಯ ಮೇಲೆ ಹೆಡ್ ಕ್ಲಾರ್ಕರ ಕಡೆಯ ಜನವೇ ಹೆಚ್ಚು. ಷಡ್ಡಕ ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಬಂದಿದ್ದ. ನಾದಿನಿ ಒಣ ಟವೆಲ್ಲುಗಳನ್ನು ತಂದಿದ್ದಳು. ಡ್ರಿಲ್ ಮೇಷ್ಟ್ರು ಸೀಟಿಯೊಡನೆ ಸ್ವಯಂಸೇವಕರಾಗಿ ಬಂದಿದ್ದರು. ಅತ್ತೆ ಮಡಚುವ ಕುರ್ಚಿ ಹಾಕಿಸಿಕೊಂಡು ಹೆಣಿಗೆ ತೆಗೆದರು. ಕುಟುಂಬದವರು ಇಷ್ಟು ಪ್ರೋತ್ಸಾಹ ಕೊಡುವುದು ಅಪರೂಪ ಎಂದು ಮೇಡಂ ಮೆಚ್ಚಿದರು. ನೀರಿನಲ್ಲಿ ಐವತ್ತು ಹೆಜ್ಜೆ ಆಚೆ ವಿದ್ಯುತ್ ಇಲಾಖೆಯ ದೊಡ್ಡ ಸಾಹೇಬರೂ ಅವರ ಸಹಾಯಕರೂ ಕಂಬ ನೆಟ್ಟಂತೆ ನಿಂತಿದ್ದರು. ತೀರ್ಪುಗಾರರು ಒಬ್ಬ ನಿವೃತ್ತ ಸರ್ವೇಯರ್. ಹಿಡಿದ ಮೀನಿನ ಉದ್ದ ಟೇಪಿನಲ್ಲಿ ಅಳೆದು, ಪುಸ್ತಕದಲ್ಲಿ ಬರೆದು, ಮೀನನ್ನು ಬಿಡುವುದು. ಒಂದು ತಾಸಿನಲ್ಲಿ ಯಾರ ಒಟ್ಟು ಉದ್ದ ಹೆಚ್ಚೋ ಅವರು ಗೆದ್ದಂತೆ.

ಹೆಡ್ ಕ್ಲಾರ್ಕರು ಒಂದು ಹೆಜ್ಜೆ ನೀರಿಗಿಟ್ಟರು. ದಂಡೆಯ ಮೇಲೆ ಎಲ್ಲರೂ ಎದ್ದುನಿಂತರು. ಎರಡನೆಯ ಹೆಜ್ಜೆ ಇಟ್ಟರು. ಹೆಂಡತಿ ಕಣ್ಣು ಮುಚ್ಚಿಕೊಂಡರು. ನೀರು ಮೊಣಕಾಲಿಗೆ ಬಂದಾಗ, ಬೀಸುವ ಘಳಿಗೆಯನ್ನು ಆದಷ್ಟು ಮುಂದೂಡಲು ಅವರು ಉಸಿರು ಬಿಗಿ ಹಿಡಿದು ಆಕಾಶ ನೋಡಿದರು. ಷಡ್ಡಕನಿಗೆ ಅಷ್ಟು ಸಾಕಾಯಿತು. ಭಾವ, ಬೇಡ ಎಂದು ಕೂಗುತ್ತ ನೀರಿಗೆ ನುಗ್ಗಿದ. ಬೆದರಿದ ಹೆಡ್ ಕ್ಲಾರ್ಕರ ಕೈಯ ಕೋಲು ತಾನಾಗಿ ಬೀಸಿತು. ಮೂರು ವಾರಗಳಲ್ಲಿ ಮೊದಲ ಸಲ ದಾರ ಕ್ಯಾಲೆಂಡರಿನಲ್ಲಿದ್ದಂತೆ ಸುಳಿಸುಳಿಯಾಗಿ ಹರಡಿ, ನೊಣ ಹಗುರವಾಗಿ ಹೋಗಿ ಷಡ್ಡಕನ ಪ್ಯಾಂಟಿನ ಹಿಂಬದಿಯಲ್ಲಿ ಕೂತಿತು. ಷಡ್ಡಕ ಪಾಚಿಗಲ್ಲಿನ ಮೇಲೆ ಜಾರಿ ಮುಳುಗಿದ. ಮೇಷ್ಟ್ರು ಉದ್ದಕ್ಕೆ ಸೀಟಿ ಊದಿದರು. ಅಷ್ಟು ಹೊತ್ತಿಗೆ ಒಂದು ಮೊಳದ ಮೀನನ್ನು ದಡಕ್ಕೆ ಎಳೆಯುತ್ತಿದ್ದ ವಿದ್ಯುತ್ ಸಾಹೇಬರು ಸೀಟಿಗೆ ಬೆಚ್ಚಿಬಿದ್ದು ದಾರ ಸಡಿಲ ಬಿಟ್ಟರು. ಮೀನು ಹೋಯಿತು.

ಷಡ್ಡಕನನ್ನು ಅವನದೇ ಹಗ್ಗದಿಂದ ಎಳೆದು ಹಾಕಿದರು. ಕೊಕ್ಕೆ ಇನ್ನೂ ಅವನಲ್ಲೇ ಇತ್ತು. ಸರ್ವೇಯರ್ ಟೇಪು ಹಿಡಿದು ಬಂದು, ನಿಯಮಾವಳಿ ತಿರುವಿ ನೋಡಿ, ನೀರಿನ ಇಲಾಖೆಯ ಹೆಸರಿನ ಮುಂದೆ ‘ಮೊದಲ ಹಿಡಿತ, ಮೀನಲ್ಲ’ ಎಂದು ಬರೆದುಕೊಂಡರು.

ಹೆಡ್ ಕ್ಲಾರ್ಕರು ನೀರಿನಲ್ಲಿ ಮೇಡಂ ಪಕ್ಕ ಹೋಗಿ ನಿಂತರು. ಅವರ ಕಣ್ಣ ಮುಂದೆ ಏಳು ವರ್ಷದ ಕಡತ ತೇಲಿಹೋಗುತ್ತಿತ್ತು. ಶಿಸ್ತು ಕ್ರಮದ ಪತ್ರಗಳ ಕರಡು ಬರೆಯುವವರು ಕಚೇರಿಯಲ್ಲಿ ಅವರೊಬ್ಬರೇ ಆದ್ದರಿಂದ, ತಮ್ಮ ಮೇಲಿನ ಪತ್ರವನ್ನೂ ತಾವೇ ಬರೆಯಬೇಕಾಗುತ್ತದೆ ಎಂಬುದೂ ಹೊಳೆಯಿತು. ‘ಸದರಿ ನೌಕರರು’ ಎಂಬಲ್ಲಿಯವರೆಗೆ ಮನಸ್ಸಿನಲ್ಲೇ ಬರೆದಾಗಿತ್ತು. ಇನ್ನು ತಡೆಯಲಾಗಲಿಲ್ಲ.

“ಮೇಡಂ, ಹದಿನೇಳನೇ ಕಾಲಂ ಸುಳ್ಳು. ನಂಗೆ ಮೀನ್ ಹಿಡಿಯೋಕೆ ಬರಲ್ಲ. ಕ್ಯಾಲೆಂಡರ್ ನೋಡ್ಕೊಂಡು ಬರ್ದೆ.”

ಮೇಡಂ ದಂಡೆಯ ಮೇಲೆ ಟವೆಲ್ಲುಗಳ ನಡುವೆ ನಡುಗುತ್ತಿದ್ದ ಷಡ್ಡಕನನ್ನು ನೋಡಿದರು.

“ಅದು ಈಗ ಐದು ನಿಮಿಷದ ಹಿಂದೆ ಗೊತ್ತಾಯ್ತು,” ಎಂದರು. ಆಮೇಲೆ ಹೆಡ್ ಕ್ಲಾರ್ಕರ ಟೋಪಿಯಲ್ಲಿದ್ದ ನೊಣದ ಕಡೆ ಕೈ ತೋರಿಸಿದರು. “ಇದನ್ನ ಯಾರ್ ಮಾಡಿದ್ದು?”

“ನಮ್ಮತ್ತೆ ಮೇಡಂ.”

“ಅದಾದ್ರೂ ನಿಜ ತಾನೆ?”

“ಅದೊಂದು ನಿಜ ಮೇಡಂ.”

ಮೇಡಂ ಟೋಪಿಯಿಂದ ನೊಣ ಬಿಡಿಸಿ ತಮ್ಮ ದಾರಕ್ಕೆ ಕಟ್ಟಿಕೊಂಡರು. ಕೈಬಲೆಯನ್ನು ಹೆಡ್ ಕ್ಲಾರ್ಕರ ಕೈಗಿತ್ತು, ಹಿಂದೆ ನಿಲ್ಲಿ, ಮಾತಾಡ್ಬೇಡಿ ಎಂದರು. ಇವೆರಡೂ ಹೆಡ್ ಕ್ಲಾರ್ಕರಿಗೆ ಹುಟ್ಟಿನಿಂದಲೇ ಬರುವ ಕೆಲಸಗಳು.

ಮೇಡಂ ಬೀಸಿದರು. ಟೋಪಿ ಅಂಗಡಿಯ ಹಿಂದಿನ ಕೋಣೆಯ ಹೆಮ್ಮೆಯೆಲ್ಲ ಇದ್ದ ಆ ಬೂದು ನೊಣ ನೀರಿನ ಮೇಲೆ ಕೂತಿದ್ದೇ ತಡ, ನೀರು ಒಡೆಯಿತು. ಮೇಡಂ ದಾರ ಎಳೆದರು, ಬಿಟ್ಟರು, ಎಳೆದರು. ಮೀನು ಸುಸ್ತಾಗಿ ಪಕ್ಕಕ್ಕೆ ಹೊರಳಿದ ಅರೆಘಳಿಗೆಯಲ್ಲಿ ಬಲೆ ಅದರ ಕೆಳಗೆ ಸದ್ದಿಲ್ಲದೆ ಬಂದು ನಿಂತಿತ್ತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಇಪ್ಪತ್ತಾರು ವರ್ಷ, ಒಂಬತ್ತು ಅಧಿಕಾರಿಗಳು, ಯಾರ ಪೆನ್ನು ಯಾವ ಘಳಿಗೆಯಲ್ಲಿ ಸಹಿಗೆ ಇಳಿಯುತ್ತದೆಂದು ಮೊದಲೇ ಊಹಿಸಿ ಅದರ ಕೆಳಗೆ ಕಾಗದ ಸರಿಸಿದ ಕೈ ಅದು. ಆ ತಾಸಿನಲ್ಲಿ ಬಲೆ ಒಂದು ಸಲವೂ ಬೇಗ ಬರಲಿಲ್ಲ, ಒಂದು ಸಲವೂ ತಡವಾಗಲಿಲ್ಲ.

“ಮೀನಿದೆ ಕಣ್ರೀ,” ಎಂದಳು ನಾದಿನಿ ದಂಡೆಯ ಮೇಲಿಂದ.

ಹೆಂಡತಿ ಕಣ್ಣು ಬಿಟ್ಟು ಮೀನನ್ನು ನೋಡಿದರು, ಆಮೇಲೆ ಷಡ್ಡಕನನ್ನು ನೋಡಿದರು. ಷಡ್ಡಕ ಟವೆಲ್ಲನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡ. ಸರ್ವೇಯರ್ ಅಳೆದು ಬರೆದಾದ ಮೇಲೆ ಮೇಡಂ ಮೀನನ್ನು ಎರಡೂ ಕೈಯಲ್ಲಿ ಹಿಡಿದು, ಮುಖ ನೋಡಿ, ಹೊಳೆಗೆ ಬಿಟ್ಟುಬಿಟ್ಟರು. ಷಡ್ಡಕ ನಿಧಾನವಾಗಿ ತಲೆಯಾಡಿಸಿದ.

“ಈಯಮ್ಮಂಗೂ ಶುರುವಾಗಿದೆ.”

ತಾಸು ಮುಗಿದಾಗ ನೀರಿನ ಇಲಾಖೆ ಎರಡು ಬೆರಳಗಲದಿಂದ ಗೆದ್ದಿತು. ಸೀಟಿಯ ವಿಚಾರವಾಗಿ ವಿದ್ಯುತ್ ಸಾಹೇಬರು ಲಿಖಿತ ಆಕ್ಷೇಪಣೆ ಸಲ್ಲಿಸಿದರು. ಅದು ವಜಾ ಆಯಿತು. ಮರುದಿನ ಹೆಡ್ ಕ್ಲಾರ್ಕರ ಓಣಿಯಲ್ಲಿ ಮಾತ್ರ ತುರ್ತು ದುರಸ್ತಿಯ ನಿಮಿತ್ತ ಮಧ್ಯಾಹ್ನದವರೆಗೆ ಕರೆಂಟಿರಲಿಲ್ಲ. ಇವೆರಡಕ್ಕೂ ಸಂಬಂಧವಿದೆ ಎಂದು ನಾವು ಹೇಳುವುದಿಲ್ಲ.

ಸೋಮವಾರ ಹೆಡ್ ಕ್ಲಾರ್ಕರು ಶಿಸ್ತು ಕ್ರಮದ ಕರಡನ್ನು ತಾವೇ ಬರೆದು, ಶುದ್ಧಪ್ರತಿ ಮಾಡಿ, ಮೇಡಂ ಮುಂದಿಟ್ಟರು. ಮೇಡಂ ಅದನ್ನು ಓದಿ, ಕರಡು ಚೆನ್ನಾಗಿದೆ ಎಂದು ಹೇಳಿ ಕಸದ ಬುಟ್ಟಿಗೆ ಹಾಕಿದರು. ನಮೂನೆ ತರಿಸಿಕೊಂಡು ಹದಿನೇಳನೆಯ ಕಾಲಂನಲ್ಲಿ ‘ಫ್ಲೈ ಫಿಶಿಂಗ್’ ಎಂಬುದರ ಮುಂದೆ ಕೆಂಪು ಶಾಯಿಯಲ್ಲಿ ‘ಕಲಿಯುತ್ತಿದ್ದಾರೆ’ ಎಂದು ಸೇರಿಸಿ ಚಿಕ್ಕ ಸಹಿ ಹಾಕಿದರು. ಬಡ್ತಿಯ ಕಡತವನ್ನು ಶಿಫಾರಸಿನೊಡನೆ ಮೇಲಿನ ಕಚೇರಿಗೆ ಕಳಿಸಿದರು. ಅಲ್ಲಿ ಅದು ಈಗ ಬೇರೊಂದು ಮೇಜಿನ ಮೇಲೆ ಕ್ಷೇಮವಾಗಿದೆ.

ಕಾಗದದ ಮೇಲೆ ‘ಕಲಿಯುತ್ತಿದ್ದಾರೆ’ ಎಂದಾದ ಮೇಲೆ ಕಲಿಯದೆ ಇರುವಂತಿಲ್ಲ. ಹೆಡ್ ಕ್ಲಾರ್ಕರು ಪ್ರತಿ ಭಾನುವಾರ ಹೊಳೆಗೆ ಹೊರಟರು. ಮೇಡಂ ಎರಡು ಸಲ ಬಂದು ಮಣಿಕಟ್ಟು ತಿರುಗಿಸುವುದು ಹೇಗೆಂದು ತೋರಿಸಿಕೊಟ್ಟರು. ಉಳಿದ ವಾರಗಳಲ್ಲಿ ಅತ್ತೆಯೇ ಜೊತೆ. ದಡದಲ್ಲಿ ಛತ್ರಿ ಬಿಚ್ಚಿ, ಕುರ್ಚಿ ಹಾಕಿ ಕೂತು ಅವರು ಟೋಪಿ ಅಂಗಡಿಯ ಕಥೆ ಹೇಳುವರು. ಅಂಗಡಿಯ ಯಜಮಾನಿ, ಅವಳ ಬೆಕ್ಕು, ಒಂದೇ ಟೋಪಿಯನ್ನು ನಾಲ್ಕು ಸಲ ವಾಪಸು ತಂದ ಗಿರಾಕಿ. ಹೆಡ್ ಕ್ಲಾರ್ಕರು ನೀರ ಬದಿಯಲ್ಲಿ ನಿಂತು ಹೂಂ ಹೂಂ ಎನ್ನುತ್ತ ಬೀಸುವರು. ದಾರ ಮರಕ್ಕೆ ಸಿಕ್ಕುವುದು, ಪೊದೆಗೆ ಸಿಕ್ಕುವುದು, ಒಮ್ಮೆ ಛತ್ರಿಗೂ ಸಿಕ್ಕಿತು. ಆರು ತಿಂಗಳಲ್ಲಿ ಒಂದು ಮೀನೂ ಸಿಗಲಿಲ್ಲ. ಹಿಂತಿರುಗುವಾಗ ಓಣಿಯ ಮೂಲೆಯಲ್ಲಿ ಡ್ರಿಲ್ ಮೇಷ್ಟ್ರು, ಎಷ್ಟು ಸಿಕ್ಕಿತು ಅಂತ ಕೇಳುವರು. ಏನೂ ಇಲ್ಲ ಎಂದು ಇವರು ನಿಜ ಹೇಳುವರು. ಮೇಷ್ಟ್ರು ಸಮಾಧಾನದಿಂದ ತಲೆಯಾಡಿಸುವರು.

ಒಂದು ಭಾನುವಾರ, ಬಿಸಿಲು ಏರುವ ಹೊತ್ತಿಗೆ, ಹೆಡ್ ಕ್ಲಾರ್ಕರು ಯಾವುದನ್ನೂ ಯೋಚಿಸದೆ ಬೀಸಿದರು. ನೊಣ ಆಚೆ ದಡದ ನೆರಳಿನಲ್ಲಿ ಹೋಗಿ ಕೂತಿತು. ನೀರು ಒಡೆಯಿತು. ಕೋಲು ಬಿಲ್ಲಿನಂತೆ ಬಾಗಿತು. ಎಷ್ಟು ಹೊತ್ತು ಹೋರಾಡಿದರೋ ಅವರಿಗೇ ತಿಳಿಯದು. ಕೊನೆಗೆ ಬೆಳ್ಳಗೆ ಹೊಳೆಯುವ, ಬೆನ್ನ ಮೇಲೆ ಹೊಂಬಣ್ಣದ ಚುಕ್ಕೆಗಳಿದ್ದ ಒಂದು ಮೀನು ಅವರ ಕೈಗೆ ಬಂತು. ಮುಂಗೈ ಪಕ್ಕ ಹಿಡಿದು ನೋಡಿದರು. ಮೊಣಕೈಯಿಂದ ಬೆರಳ ತುದಿಯವರೆಗೆ, ಒಂದು ಕೂದಲೆಳೆಯೂ ಕಡಿಮೆಯಿಲ್ಲ.

ಕೂಗಲು ಬಾಯಿ ತೆರೆದು ದಡದ ಕಡೆ ತಿರುಗಿದರು. ಅತ್ತೆ ಛತ್ರಿಯ ಕೆಳಗೆ ತಲೆ ವಾಲಿಸಿ ಗಾಢ ನಿದ್ದೆಯಲ್ಲಿದ್ದರು. ಬೇರೆ ನರಪಿಳ್ಳೆಯಿರಲಿಲ್ಲ. ಅತ್ತೆ, ಅತ್ತೆ ಎಂದರು. ಹೊಳೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಮೀನಿನ ಬಾಯಿ ತೆರೆದು ಮುಚ್ಚುತ್ತಿತ್ತು. ಹೆಚ್ಚು ಹೊತ್ತು ಹಿಡಿದರೆ ಬದುಕುವುದಿಲ್ಲವೆಂದು ಪುಸ್ತಕದ ಉಳಿದ ಭಾಗದಲ್ಲಿ ಸ್ಪಷ್ಟವಾಗಿತ್ತು. ಅವರು ಮೊಣಕೈ ಮುಳುಗುವವರೆಗೆ ಬಲತೋಳನ್ನು ನೀರಿಗಿಳಿಸಿ, ಅದು ತಾನಾಗಿ ಹೊರಡುವವರೆಗೆ ಕಾದು, ಕೈ ಸಡಿಲಿಸಿದರು.

ದಡಕ್ಕೆ ಬಂದಾಗ ಅತ್ತೆ ಎಚ್ಚರಗೊಂಡು ಕನ್ನಡಕ ಹುಡುಕುತ್ತಿದ್ದರು. ಏನಾದರೂ ಸಿಕ್ಕಿತಾ ಅಂತ ಕೇಳಿದರು.

“ಸಿಕ್ಕಿತ್ತು ಅತ್ತೆ.”

“ಎಲ್ಲಿ?”

“ಬಿಟ್ಟೆ.”

ಅತ್ತೆ ಕನ್ನಡಕ ಏರಿಸಿ ಅವರ ಮುಖವನ್ನೇ ನೋಡಿದರು.

“ಎಷ್ಟಿತ್ತು?”

ಹೆಡ್ ಕ್ಲಾರ್ಕರು ಎಡಗೈಯನ್ನು ಬಲ ಮೊಣಕೈಯ ಮೇಲಿಟ್ಟರು. ಆಮೇಲೆ ಓಣಿ ನೆನಪಾಯಿತು, ಮೇಷ್ಟ್ರು ನೆನಪಾದರು, ಷಡ್ಡಕ ಕಿತ್ತಳೆಹಣ್ಣಿನ ಚೀಲದೊಡನೆ ನೆನಪಾದ. ಕೈ ಮೊಣಕೈಯಿಂದ ಮೆಲ್ಲಗೆ ಕೆಳಗೆ ಜಾರಿತು. ಮುಂಗೈ ದಾಟಿತು, ಮಣಿಕಟ್ಟು ದಾಟಿತು. ಕೊನೆಗೆ ಅವರು ಕಿರುಬೆರಳೊಂದನ್ನು ಎತ್ತಿ ತೋರಿಸಿದರು.

“ಇಷ್ಟು.”

ಅತ್ತೆ ಆ ಕಿರುಬೆರಳನ್ನು ನೋಡಿದರು. ಆಮೇಲೆ ಹೆಣಿಗೆ ಮಡಚಿ ಚೀಲಕ್ಕೆ ಹಾಕಿಕೊಂಡರು.

“ಇಷ್ಟ್ ಸಣ್ಣದಕ್ಕೆ ಯಾರೂ ಸುಳ್ಳ್ ಹೇಳಲ್ಲ,” ಎಂದರು. “ಹಿಡಿದೇ ಇರ್ತೀರಿ.”

ಓಣಿಯ ಮೂಲೆಯಲ್ಲಿ ಮೇಷ್ಟ್ರು ಕೇಳುವ ಮೊದಲೇ ಅತ್ತೆ ಸುದ್ದಿ ಹೇಳಿ, ತಮ್ಮ ಕಿರುಬೆರಳನ್ನೇ ಎತ್ತಿ ತೋರಿಸಿದರು. ಮೇಷ್ಟ್ರು ಒಂದು ಕ್ಷಣವೂ ಅನುಮಾನಿಸಲಿಲ್ಲ. ಮುಂದೆ ಬಂದು ಹೆಡ್ ಕ್ಲಾರ್ಕರ ಎಡಗೈಯನ್ನು ಹಿಡಿದು ಜೋರಾಗಿ ಕುಲುಕಿದರು. ಹೆಡ್ ಕ್ಲಾರ್ಕರು ಅಭಿನಂದನೆ ಸ್ವೀಕರಿಸುತ್ತ, ಬಿಟ್ಟ ಮೀನಿನಷ್ಟೇ ಉದ್ದಕ್ಕೆ, ಮೊಣಕೈಯವರೆಗೆ ಒದ್ದೆಯಾಗಿದ್ದ ಬಲತೋಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ನಿಂತಿದ್ದರು.